ಪಟ್ಟಿ ಚಿಕ್ಕದಾದರೆ ಸಾಲದು



ಮುಚ್ಚಂಡಿಯಂಥ ಗಡಿ ಊರಿನ ಕನ್ನಡ ಶಾಲೆಗಳಿಗೆ ಪುಸ್ತಕ ಬರುವುದು ಪುಣೆಯ ಬಾಲಭಾರತಿಯಿಂದ. ಗಣಿತ, ವಿಜ್ಞಾನ ಅನುವಾದಗೊಂಡವು. ಕನ್ನಡ ಭಾಷಾ ಪುಸ್ತಕ ಮಾತ್ರ ಕನ್ನಡದಲ್ಲೇ ರಚನೆಯಾದದ್ದು. ಮೂಲ ಗಣಿತದಲ್ಲಿ ಒಂದು ಲೆಕ್ಕ ತಿದ್ದಿದರೆ ನಮ್ಮ ಗಣಿತವನ್ನೂ ತಿದ್ದಬೇಕು. ಕನ್ನಡ ಪುಸ್ತಕವನ್ನು ಮುಟ್ಟುವ ಅಗತ್ಯವಿಲ್ಲ. ಯಾವುದು ಯಾವುದನ್ನು ಅವಲಂಬಿಸಿದೆ ಎಂಬ ಈ ಲೆಕ್ಕಾಚಾರ ಸಾಫ್ಟ್‌ವೇರ್ ಕಟ್ಟುವವರಿಗೂ ಬೇಕು.

1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟೀವ್ ಜಾನ್ಸನ್ ಎಂಬವರು ಒಂದು ಬೆಳಗ್ಗೆಯೆಲ್ಲ ತಪ್ಪು ಹುಡುಕುತ್ತ ಕುಳಿತಿದ್ದರು. ತಪ್ಪನ್ನು ಆಗಲೇ ತಿದ್ದಿಯಾಗಿತ್ತು, ಆದರೆ ಆ ಫೈಲನ್ನು ಮತ್ತೆ ಕಂಪೈಲ್ ಮಾಡಿರಲಿಲ್ಲ! ಅವರ ಗೋಳು ಕೇಳಿದ ಸ್ಟುವರ್ಟ್ ಫೆಲ್ಡ್‌ಮನ್ 'ಮೇಕ್' ಎಂಬ ಸಾಧನ ಬರೆದರು. ಯಾವ ಫೈಲಿಗೆ ಯಾವ ಫೈಲುಗಳು ಬೇಕೆಂದು ನಾವು ಪಟ್ಟಿ ಕೊಟ್ಟರೆ ಮೇಕ್ ಅವುಗಳ ತಿದ್ದಿದ ಸಮಯ ನೋಡುತ್ತದೆ. ಪಟ್ಟಿಯಲ್ಲಿರುವುದು ಹೊಸದಾಗಿದ್ದರೆ ಮತ್ತೆ ಕಟ್ಟುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ.

ಪಟ್ಟಿ ಉದ್ದವಾದಷ್ಟೂ ಕೆಲಸ ಹೆಚ್ಚು. ಎಲ್ಲರೂ ಬಳಸುವ ಒಂದು ಹೆಡರ್ ಫೈಲಿನಲ್ಲಿ ಒಂದು ಸಾಲು ಬದಲಾದರೂ ನೂರಾರು ಫೈಲು ಮತ್ತೆ ಕಂಪೈಲ್ ಆಗಬೇಕು. ಅದಕ್ಕೇ ಪಟ್ಟಿಯನ್ನು ಚಿಕ್ಕದು ಮಾಡುವ ಆಸೆ. ಜಿಸಿಸಿ ಕಂಪೈಲರಿನಲ್ಲಿ ವ್ಯವಸ್ಥೆಯ ಹೆಡರುಗಳನ್ನು ಪಟ್ಟಿಯಿಂದ ಬಿಟ್ಟುಬಿಡುವ ಆಯ್ಕೆಯೇ ಇದೆ. ಅನುಕೂಲವೇನೋ ಹೌದು. ಆದರೆ ಪಟ್ಟಿಯಿಂದ ಹೋದದ್ದು ಪ್ರೋಗ್ರಾಮಿನಿಂದ ಹೋಗಿರುವುದಿಲ್ಲ. ಆ ಹೆಡರು ಬದಲಾದ ದಿನ ಮೇಕ್‌ಗೆ ಗೊತ್ತೇ ಆಗುವುದಿಲ್ಲ, ಜಾನ್ಸನ್ನರ ಬೆಳಗ್ಗೆ ನಮ್ಮ ಪಾಲಿಗೆ ಬರುತ್ತದೆ.

ನನ್ನ ಅಭಿಪ್ರಾಯ ಇಷ್ಟೇ. ಕಡಿಮೆಯಾಗಬೇಕಾದದ್ದು ಅವಲಂಬನೆ, ಅದರ ದಾಖಲೆಯಲ್ಲ. ಬೇಡದ ಹೆಡರನ್ನು ತೆಗೆಯಿರಿ. ದೊಡ್ಡ ಹೆಡರನ್ನು ಒಡೆದು ಚಿಕ್ಕವು ಮಾಡಿ. ಹೆಸರಷ್ಟೇ ಸಾಕಾದಲ್ಲಿ ಹೆಸರನ್ನಷ್ಟೇ ಘೋಷಿಸಿ. ಆಗ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ, ಸುಳ್ಳೂ ಆಗುವುದಿಲ್ಲ.

ಇದು ಸಣ್ಣ ಮಾತಲ್ಲ. 2007ರಲ್ಲಿ ಗೂಗಲ್‌ನಲ್ಲಿ ಒಂದು ದೊಡ್ಡ ಪ್ರೋಗ್ರಾಮನ್ನು ಅಳೆದು ನೋಡಿದರು. ಸುಮಾರು 2000 ಫೈಲು, ಒಟ್ಟು 4.2 ಮೆಗಾಬೈಟ್. ಹೆಡರುಗಳೆಲ್ಲ ಸೇರಿದ ಮೇಲೆ ಕಂಪೈಲರಿನ ಬಾಯಿಗೆ ಹೋಗುತ್ತಿದ್ದುದು 8 ಗಿಗಾಬೈಟಿಗೂ ಹೆಚ್ಚು! 2009ರಲ್ಲಿ ಗೂಗಲ್ ಪ್ರಕಟಿಸಿದ 'ಗೋ' ಭಾಷೆಯಲ್ಲಿ ಬಳಸದ ಪ್ಯಾಕೇಜನ್ನು ಸೇರಿಸಿಕೊಂಡರೆ ಪ್ರೋಗ್ರಾಮು ಕಂಪೈಲೇ ಆಗುವುದಿಲ್ಲ.

ನಮ್ಮ ಮಕ್ಕಳು ಮುಂದೆ ಪಾಲಿಟೆಕ್ನಿಕ್‌ಗೋ ಇಂಜಿನಿಯರಿಂಗ್‌ಗೋ ಹೋದಾಗ ಇದೆಲ್ಲ ಇಂಗ್ಲಿಷಿನಲ್ಲೇ ಎದುರಾಗುತ್ತದೆ. ಶಬ್ದ ಹೊಸದಾಗಿರಲಿ, ವಿಚಾರ ಹೊಸದಾಗಬಾರದು. ಅವರು ಬರೆಯುವ ಹತ್ತು ಸಾಲಿನ ಪ್ರೋಗ್ರಾಮಿನಲ್ಲೂ ಮೇಲೆ ಸೇರಿಸಿದ ಒಂದೊಂದು ಹೆಡರನ್ನೂ ತೋರಿಸಿ, "ಇದನ್ನು ತೆಗೆದರೆ ಏನು ಕೆಡುತ್ತದೆ, ಹೇಳು ನೋಡೋಣ" ಎಂದು ಕೇಳಿ. ಏನೂ ಕೆಡುವುದಿಲ್ಲ ಎಂದಾದರೆ ತೆಗೆಸಿ. ಕೆಡುತ್ತದೆ ಎಂದಾದರೆ ಪಟ್ಟಿಯಲ್ಲಿ ಬರೆಸಿ. ಅಷ್ಟು ಅಭ್ಯಾಸವಾದರೆ ಸಾಕು.