ಮಹಿಳಾ ಕೇಂದ್ರದ ಬೀಗದ ಕೈ ಯಾರ ಬಳಿಯಿದೆ?

ಗೋವಾ ವಿಶ್ವವಿದ್ಯಾಲಯದ ಪ್ರಕರಣವೊಂದರಲ್ಲಿ 2023ರ ಮೇ 12ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪು ನಮ್ಮ ಶೈಕ್ಷಣಿಕ ವಲಯದಲ್ಲಿ ಆಗಬೇಕಾದಷ್ಟು ಚರ್ಚೆಗೆ ಒಳಗಾಗಲಿಲ್ಲ. ಪ್ರಕರಣ 2009ರಷ್ಟು ಹಳೆಯದು. ವಿಭಾಗ ಮುಖ್ಯಸ್ಥರೊಬ್ಬರ ಮೇಲೆ ವಿದ್ಯಾರ್ಥಿನಿಯರು ಲೈಂಗಿಕ ಕಿರುಕುಳದ ದೂರು ನೀಡಿದ್ದರು. ಸಮಿತಿ ವಿಚಾರಣೆ ನಡೆಸಿತು, ವರದಿ ಸಲ್ಲಿಸಿತು, ಅಧ್ಯಾಪಕರು ವಜಾಗೊಂಡರು. 2012ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿ ಹಿಡಿಯಿತು. ಆದರೆ ಸರ್ವೋಚ್ಚ ನ್ಯಾಯಾಲಯ ವಜಾ ಆದೇಶವನ್ನು ರದ್ದುಪಡಿಸಿ, 2009ರ ಮೇ ತಿಂಗಳಲ್ಲಿ ವಿಚಾರಣೆ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮತ್ತೆ ಆರಂಭಿಸುವಂತೆ ಸೂಚಿಸಿತು.

ಆರೋಪ ನಿಜವೋ ಸುಳ್ಳೋ ಎಂಬುದನ್ನು ನ್ಯಾಯಾಲಯ ನಿರ್ಣಯಿಸಲಿಲ್ಲ. ಅದು ಗುರುತಿಸಿದ್ದು ಸಮಿತಿಯ ತರಾತುರಿಯನ್ನು. ಒಂದರ ಹಿಂದೆ ಒಂದರಂತೆ ಬೈಠಕ್ಕುಗಳು ನಡೆದವು. ಆರೋಪಿಗೆ ಉತ್ತರಿಸಲು ತಕ್ಕಷ್ಟು ಕಾಲಾವಕಾಶ ದೊರೆಯಲಿಲ್ಲ. ಅಂದರೆ ನೋಟಿಸು, ದಿನಾಂಕ, ದಾಖಲೆಗಳ ಪ್ರತಿ, ಮುಂದೂಡಿಕೆ ಮುಂತಾಗಿ ಕಚೇರಿ ಕೆಲಸವೆಂದು ನಾವು ಹಗುರಾಗಿ ಕಾಣುವ ಸಂಗತಿಗಳಲ್ಲಿ ಎಡವಿದ್ದಕ್ಕೆ ಹದಿನಾಲ್ಕು ವರ್ಷಗಳು ವ್ಯರ್ಥವಾದವು. ದೂರು ಕೊಟ್ಟವರಿಗೂ ನ್ಯಾಯ ಸಿಗಲಿಲ್ಲ, ದೂರಿಗೆ ಒಳಗಾದವರಿಗೂ ಸಿಗಲಿಲ್ಲ.

ವಿಶ್ವವಿದ್ಯಾಲಯಗಳಲ್ಲಿ ಮಹಿಳೆಯರಿಗಾಗಿ ಇರುವ ಕೇಂದ್ರ, ಘಟಕ, ಸಮಿತಿಗಳ ದೈನಂದಿನ ನಿರ್ವಹಣೆ ಯಾರ ಹೊಣೆ ಎಂಬ ಪ್ರಶ್ನೆಯನ್ನು ಈ ಹಿನ್ನೆಲೆಯಲ್ಲಿ ಕೇಳಬೇಕಾಗಿದೆ.

ಒಂದೇ ಬಾಗಿಲು, ಮೂರು ಕೆಲಸ

ಭಾರತದಲ್ಲಿ ಮಹಿಳಾ ಕೇಂದ್ರಗಳು ಹುಟ್ಟಿದ್ದು ಸಂಶೋಧನೆಯ ಹಂಬಲದಿಂದ. 1971ರಲ್ಲಿ ಕೇಂದ್ರ ಸರ್ಕಾರ ನೇಮಿಸಿದ, ಫುಲ್‌ರೇಣು ಗುಹಾ ಅಧ್ಯಕ್ಷತೆಯ, ವೀಣಾ ಮಜುಂದಾರ್ ಸದಸ್ಯ ಕಾರ್ಯದರ್ಶಿಯಾಗಿದ್ದ ಸಮಿತಿ 1974ರ ಅಂತ್ಯದಲ್ಲಿ ತನ್ನ ವರದಿ ನೀಡಿತು. ಸ್ವಾತಂತ್ರ್ಯಾನಂತರ ಮಹಿಳೆಯ ಸ್ಥಿತಿ ಸುಧಾರಿಸಿದೆ ಎಂಬ ನಂಬಿಕೆಯನ್ನು ಅದು ಅಲ್ಲಾಡಿಸಿತು. ಅದೇ ವರ್ಷ ಮುಂಬಯಿಯ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ನೀರಾ ದೇಸಾಯಿ ಅವರ ನೇತೃತ್ವದಲ್ಲಿ ಮಹಿಳಾ ಅಧ್ಯಯನದ ಸಂಶೋಧನಾ ಘಟಕ ಆರಂಭಗೊಂಡಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಇದಕ್ಕೆ ಅಧಿಕೃತ ಮನ್ನಣೆ ನೀಡಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅರ್ಥಾತ್ ಯುಜಿಸಿ, ಏಳನೇ ಪಂಚವಾರ್ಷಿಕ ಯೋಜನೆಯಲ್ಲಿ ಈ ಕೇಂದ್ರಗಳಿಗೆ ಹಣ ನೀಡತೊಡಗಿತು. ಬೋಧನೆ, ಸಂಶೋಧನೆ, ದಾಖಲೀಕರಣ, ವಿಸ್ತರಣಾ ಚಟುವಟಿಕೆಗಳೇ ಅವುಗಳ ಘೋಷಿತ ಗುರಿ.

ಅಮೆರಿಕದಲ್ಲಿ ಕಥೆ ಬೇರೆ. ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಆರಂಭವಾದ ಕೇಂದ್ರ, ಮದುವೆ ಮಕ್ಕಳೆಂದು ಓದು ಬಿಟ್ಟ ಹೆಂಗಸರು ತರಗತಿಗೆ ಮರಳಲು ನೆರವಾಗುವ ಕಚೇರಿಯಾಗಿತ್ತು. ಮಹಿಳಾ ಅಧ್ಯಯನ ಎಂಬ ಪಠ್ಯಕ್ರಮ ಸ್ಯಾನ್ ಡಿಯಾಗೋದಲ್ಲಿ ಕಾಲಿಟ್ಟದ್ದು 1970ರಲ್ಲಿ, ಪ್ರತ್ಯೇಕವಾಗಿ. ಆದುದರಿಂದ ಅಲ್ಲಿನ ಅನೇಕ ಕ್ಯಾಂಪಸ್‌ಗಳಲ್ಲಿ ಮಹಿಳಾ ಕೇಂದ್ರವೆಂದರೆ ವಿದ್ಯಾರ್ಥಿನಿ ಬಂದು ಕೂರುವ, ಮಾತಾಡುವ, ಸಹಾಯ ಕೇಳುವ ಕೋಣೆ. ಮಹಿಳಾ ಅಧ್ಯಯನವೆಂದರೆ ಪಾಠ ಹೇಳುವ ವಿಭಾಗ. ಬಾಗಿಲು ಎರಡು, ಸಿಬ್ಬಂದಿಯೂ ಎರಡು.

ನಮ್ಮಲ್ಲಿ ಅಂಥ ಗೆರೆ ಎಳೆದವರಿಲ್ಲ. ಫಲಕದ ಮೇಲೆ ಮಹಿಳಾ ಎಂಬ ಪದವಿದ್ದರೆ ಸಾಕು, ಹಾಸ್ಟೆಲಿನ ನೀರಿನ ಸಮಸ್ಯೆಯಿಂದ ಹಿಡಿದು ಮಾರ್ಗದರ್ಶಕರ ದುರ್ವರ್ತನೆಯವರೆಗೆ ಎಲ್ಲವೂ ಆ ಬಾಗಿಲಿಗೇ ಬರುತ್ತದೆ. ಬರುವುದು ಸಹಜವೂ ಹೌದು. ಊರು ಬಿಟ್ಟು ಬಂದ ಹದಿನೆಂಟರ ಹುಡುಗಿಗೆ ಅಧ್ಯಯನ ಕೇಂದ್ರ ಬೇರೆ, ದೂರು ಸಮಿತಿ ಬೇರೆ, ಆಪ್ತಸಮಾಲೋಚನೆ ಬೇರೆ ಎಂದು ಹೇಳಿಕೊಡುವವರಾದರೂ ಯಾರು?

ಒಂದು ದಿನದ ಲೆಕ್ಕ

ಇಂಥ ಕೇಂದ್ರದ ದಿನಚರಿಯನ್ನು ಹತ್ತಿರದಿಂದ ಕಂಡವರಿಗೆ ಒಂದು ಚಿತ್ರ ಪರಿಚಿತ. ನಿರ್ದೇಶಕಿ ಬೇರೊಂದು ವಿಭಾಗದ ಪ್ರಾಧ್ಯಾಪಕಿ. ಕೇಂದ್ರ ಅವರ ಪಾಲಿಗೆ ಹೆಚ್ಚುವರಿ ಹೊಣೆ. ಬೆಳಿಗ್ಗೆ ತಮ್ಮ ವಿಭಾಗದ ತರಗತಿಗಳನ್ನು ಮುಗಿಸಿ ಇತ್ತ ಬರುವಷ್ಟರಲ್ಲಿ ಮಧ್ಯಾಹ್ನ. ಅಲ್ಲಿಯವರೆಗೆ ಬಾಗಿಲು ತೆರೆದಿಡುವವರು ಗುತ್ತಿಗೆಯ ಮೇಲಿರುವ ಸಂಶೋಧನಾ ಸಹಾಯಕಿ ಅಥವಾ ಅತಿಥಿ ಉಪನ್ಯಾಸಕಿ. ಆಕೆಯೇ ಗ್ರಂಥಪಾಲಕಿ, ಆಕೆಯೇ ಗುಮಾಸ್ತೆ, ಪ್ರಮಾಣಪತ್ರ ಶಿಬಿರಕ್ಕೆ ಊಟದ ವ್ಯವಸ್ಥೆ ಮಾಡುವವಳೂ ಆಕೆಯೇ. ಹಣ ಬಳಕೆಯ ಪ್ರಮಾಣಪತ್ರ ಕಳುಹಿಸದೆ ಮುಂದಿನ ಕಂತು ಬಿಡುಗಡೆಯಾಗದು. ಆ ಪ್ರಮಾಣಪತ್ರಕ್ಕೆ ಹಣಕಾಸು ಅಧಿಕಾರಿಯ ಸಹಿ ಪಡೆಯಲು ಆಡಳಿತ ಭವನದ ಮೆಟ್ಟಿಲು ಹತ್ತಿಳಿಯುವುದರಲ್ಲಿ ವಾರಗಳು ಕಳೆಯುತ್ತವೆ. ಫೆಬ್ರವರಿ ಬಂತೆಂದರೆ ಮಾರ್ಚ್ 8ರ ಸಿದ್ಧತೆ. ರಂಗೋಲಿ ಸ್ಪರ್ಧೆಗೆ ಹಣ ಮಂಜೂರಾಗುವಷ್ಟು ಸಲೀಸಾಗಿ ದೂರವಾಣಿ ಸಂಪರ್ಕಕ್ಕೆ ಮಂಜೂರಾಗುವುದಿಲ್ಲ ಎಂಬುದು ಕೇಂದ್ರಗಳನ್ನು ನಡೆಸಿದವರ ಹಳೆಯ ಗೊಣಗಾಟ.

ಈ ಗೊಂದಲದ ನಡುವೆ ಒಬ್ಬ ವಿದ್ಯಾರ್ಥಿನಿ ಬಾಗಿಲಲ್ಲಿ ನಿಂತು 'ಮೇಡಂ, ಸ್ವಲ್ಪ ಮಾತಾಡಬೇಕಿತ್ತು' ಎನ್ನುತ್ತಾಳೆ. ಕೂರಿಸಿ ಮಾತಾಡಿಸಲು ಪ್ರತ್ಯೇಕ ಕೋಣೆ ಇಲ್ಲ. ಪಕ್ಕದ ಮೇಜಿನಲ್ಲಿ ಇನ್ನೊಬ್ಬರು ಪ್ರಬಂಧದ ಕರಡು ತಿದ್ದುತ್ತಿರುತ್ತಾರೆ. ಆಕೆ ಹೇಳಿದ್ದನ್ನು ಬರೆದಿಡಬೇಕೇ, ಬೇಡವೇ? ಬರೆದರೆ ಅದು ದೂರಾಗುತ್ತದೆಯೇ? ಬರೆದ ಹಾಳೆಯನ್ನು ಇಡುವುದೆಲ್ಲಿ? ಎನ್ನೆಸ್ಸೆಸ್ ಬ್ಯಾನರುಗಳೂ ಕಳೆದ ವರ್ಷದ ಸ್ಮರಣ ಫಲಕಗಳೂ ತುಂಬಿದ ಕಪಾಟಿನಲ್ಲೇ? ಆ ಕಪಾಟಿನ ಬೀಗದ ಕೈ ಎಷ್ಟು ಜನರ ಬಳಿಯಿದೆ?

ಇವು ಚಿಲ್ಲರೆ ಪ್ರಶ್ನೆಗಳಲ್ಲ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ 16ನೇ ಕಲಮು ದೂರುದಾರಳ, ಆರೋಪಿಯ, ಸಾಕ್ಷಿಗಳ ಗುರುತನ್ನು ಬಹಿರಂಗಪಡಿಸುವುದನ್ನು ನಿಷೇಧಿಸಿದೆ. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಸಲ್ಲಿಕೆಯಾಗಬೇಕು. ಸೂಕ್ತ ಕಾರಣವಿದ್ದರೆ ಇನ್ನು ಮೂರು ತಿಂಗಳು ವಿಸ್ತರಿಸಬಹುದು. ಬರೆಯಲಾಗದವಳಿಗೆ ಬರೆಯಲು ನೆರವಾಗಬೇಕೆಂದೂ ಕಾಯ್ದೆ ಹೇಳುತ್ತದೆ. 'ನಿರ್ದೇಶಕಿ ರಜೆಯಲ್ಲಿದ್ದಾರೆ, ಮುಂದಿನ ವಾರ ಬನ್ನಿ' ಎಂಬ ಒಂದು ಮಾತು ಎಷ್ಟು ದೂರುಗಳ ಅವಧಿಯನ್ನು ನುಂಗಿಹಾಕಬಲ್ಲದು ಎಂಬುದನ್ನು ಊಹಿಸಬಹುದು. ಪರೀಕ್ಷೆ, ರಜೆ, ಫಲಿತಾಂಶ ಎಂದು ಕಳೆದುಹೋಗುವ ಶೈಕ್ಷಣಿಕ ವರ್ಷದಲ್ಲಿ ಮೂರು ತಿಂಗಳೆಂಬುದು ಒಂದು ಸೆಮಿಸ್ಟರೂ ಅಲ್ಲ.

ಆಲಿಸುವವರು, ತೀರ್ಮಾನಿಸುವವರು

2016ರ ಮೇ ತಿಂಗಳಲ್ಲಿ ಪ್ರಕಟವಾದ ಯುಜಿಸಿ ನಿಯಮಾವಳಿಗಳು ಪ್ರತಿಯೊಂದು ಉನ್ನತ ಶಿಕ್ಷಣ ಸಂಸ್ಥೆಯೂ ಆಂತರಿಕ ದೂರು ಸಮಿತಿ ರಚಿಸಬೇಕೆಂದು ವಿಧಿಸಿದವು. ಹಿರಿಯ ಮಹಿಳಾ ಪ್ರಾಧ್ಯಾಪಕಿ ಅಧ್ಯಕ್ಷೆಯಾಗಿರಬೇಕು. ಇಬ್ಬರು ಅಧ್ಯಾಪಕರು, ಇಬ್ಬರು ಬೋಧಕೇತರ ನೌಕರರು, ಹೊರಗಿನ ಸಂಸ್ಥೆಯ ಒಬ್ಬ ಸದಸ್ಯರಿರಬೇಕು. ವಿದ್ಯಾರ್ಥಿಗಳ ಪ್ರಕರಣವಾದರೆ ಮೂವರು ಚುನಾಯಿತ ವಿದ್ಯಾರ್ಥಿಗಳೂ ಸೇರಬೇಕು. ವಿದ್ಯಾರ್ಥಿ ಸಂಘದ ಚುನಾವಣೆಗಳು ದಶಕಗಳಿಂದ ನಿಂತುಹೋಗಿರುವ ನಮ್ಮ ರಾಜ್ಯದಲ್ಲಿ ಈ ಮೂವರನ್ನು ಚುನಾಯಿಸುವ ಬಗೆ ಹೇಗೆ ಎಂಬುದು ಬೇರೆಯೇ ವಿಷಯ.

ಇದೇ ನಿಯಮಾವಳಿಯ ಇನ್ನೊಂದು ವಾಕ್ಯ ಹೆಚ್ಚು ಮುಖ್ಯ. ಕುಲಪತಿ, ಕುಲಸಚಿವ, ಡೀನ್, ವಿಭಾಗ ಮುಖ್ಯಸ್ಥರು ಸಮಿತಿಯ ಸದಸ್ಯರಾಗುವಂತಿಲ್ಲ. ಮಹಿಳಾ ಕೇಂದ್ರದ ನಿರ್ದೇಶಕಿ ತಮ್ಮ ಮೂಲ ವಿಭಾಗದ ಮುಖ್ಯಸ್ಥೆಯೂ ಆಗಿದ್ದರೆ ಅವರನ್ನು ಸಮಿತಿಗೆ ಸೇರಿಸುವುದೇ ನಿಯಮಬಾಹಿರವಾಗುತ್ತದೆ. ಆದರೂ 'ಮಹಿಳೆಯರ ವಿಷಯ ತಾನೆ, ಅವರೇ ನೋಡಿಕೊಳ್ಳಲಿ' ಎಂಬ ಧೋರಣೆಯಿಂದ ಕೇಂದ್ರಕ್ಕೂ ಸಮಿತಿಗೂ ಒಬ್ಬರನ್ನೇ ಗಂಟುಹಾಕುವ ಪ್ರವೃತ್ತಿ ಕಂಡುಬರುತ್ತದೆ.

ಇದರಿಂದ ಒದಗುವ ಹಾನಿ ಇಬ್ಬಗೆಯದು. ಸಮಾಧಾನಕ್ಕೆಂದು ಬಂದವಳ ಮಾತನ್ನು ಮೊದಲು ಆಲಿಸಿ, ಕಣ್ಣೀರು ಒರೆಸಿ, ಆಮೇಲೆ ಅದೇ ವ್ಯಕ್ತಿ ನ್ಯಾಯಪೀಠದಲ್ಲಿ ಕುಳಿತರೆ ಆರೋಪಿಯ ಪರ ವಕೀಲರಿಗೆ ಅದಕ್ಕಿಂತ ಒಳ್ಳೆಯ ಅಸ್ತ್ರ ಬೇಕಿಲ್ಲ. ಮತ್ತೊಂದೆಡೆ, ಮಾತಾಡಿದ ಕೂಡಲೇ ವಿಚಾರಣೆ ಶುರುವಾಗಿಬಿಡುತ್ತದೆ, ಮನೆಗೆ ತಿಳಿಯುತ್ತದೆ, ಓದು ನಿಲ್ಲಿಸುತ್ತಾರೆ ಎಂಬ ಭಯದಲ್ಲಿ ಹುಡುಗಿಯರು ಬಾಗಿಲಿಗೇ ಬರುವುದಿಲ್ಲ. ಆಲಿಸುವವರು ಬೇರೆ, ತೀರ್ಮಾನಿಸುವವರು ಬೇರೆ ಎಂಬ ಗೆರೆ ಗಟ್ಟಿಯಾಗಿರಬೇಕು ಎಂಬುದೇ ಈ ಲೇಖಕನ ಅಭಿಪ್ರಾಯ. ಒಂದೇ ಕಟ್ಟಡವಾದರೂ ಚಿಂತೆಯಿಲ್ಲ. ಕಡತ, ಕಪಾಟು, ಸಿಬ್ಬಂದಿ ಬೇರೆಯಾಗಿರಬೇಕು.

ಇಲ್ಲಿ ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದ ಅನುಭವವನ್ನು ನೆನೆಯಬೇಕು. ವಿಶಾಖಾ ತೀರ್ಪು ಬಂದದ್ದು 1997ರಲ್ಲಿ. 1999ರಲ್ಲೇ ಅಲ್ಲಿ ಜಿಎಸ್‌ಕ್ಯಾಶ್ ಎಂಬ ಸಮಿತಿ ಸ್ಥಾಪನೆಯಾಗಿತ್ತು. ಚುನಾಯಿತ ಪ್ರತಿನಿಧಿಗಳಿದ್ದ ಆ ಸಮಿತಿ ವಿಚಾರಣೆಯ ಜತೆಗೆ ಜಾಗೃತಿ, ಸಮಾಲೋಚನೆಗಳನ್ನೂ ನಡೆಸುತ್ತಿತ್ತು. ದೇಶದ ಇತರೆಡೆ ಅದನ್ನು ಮಾದರಿಯೆಂದು ಉಲ್ಲೇಖಿಸುವ ವಾಡಿಕೆಯಿತ್ತು. 2017ರ ಸೆಪ್ಟೆಂಬರ್‌ನಲ್ಲಿ ವಿಶ್ವವಿದ್ಯಾಲಯ ಅದನ್ನು ವಿಸರ್ಜಿಸಿ, ನಿಯಮಾವಳಿಯಂತೆ ಆಂತರಿಕ ದೂರು ಸಮಿತಿಯನ್ನು ರಚಿಸಿತು. ವಿದ್ಯಾರ್ಥಿಗಳೂ ಅಧ್ಯಾಪಕರೂ ತೀವ್ರವಾಗಿ ವಿರೋಧಿಸಿದರು. ಆಡಳಿತದ ವಾದ ಕಾನೂನಿನ ಅಕ್ಷರದ್ದು; ವಿರೋಧಿಸಿದವರ ವಾದ ಹದಿನೆಂಟು ವರ್ಷಗಳಲ್ಲಿ ಬೆಳೆದ ನಂಬಿಕೆಯದ್ದು. ಆದೇಶವೊಂದರಿಂದ ಸಮಿತಿಯನ್ನು ರಚಿಸಬಹುದು, ನಂಬಿಕೆಯನ್ನು ರಚಿಸಲಾಗದು.

ಹಣದ ಹಗ್ಗ

ಎಲ್ಲದರ ಬುಡದಲ್ಲಿರುವುದು ಹಣ. ಯುಜಿಸಿ ಕೇಂದ್ರಗಳಿಗೆ ನೆರವು ದೊರೆಯುತ್ತಿದ್ದುದು ಪಂಚವಾರ್ಷಿಕ ಯೋಜನೆಯ ಲೆಕ್ಕದಲ್ಲಿ. ಅವಧಿ ಮುಗಿದ ಬಳಿಕ ಹುದ್ದೆಗಳ ಹೊರೆಯನ್ನು ವಿಶ್ವವಿದ್ಯಾಲಯವೋ ರಾಜ್ಯ ಸರ್ಕಾರವೋ ಹೊರಬೇಕೆಂಬುದು ನಿರೀಕ್ಷೆ. ಆ ನಿರೀಕ್ಷೆ ಕಾಗದದ ಮೇಲೇ ಉಳಿದದ್ದು ಹೆಚ್ಚು. 2003ರಲ್ಲಿ ಕೇಂದ್ರಗಳ ಹೆಸರನ್ನು ಮಹಿಳಾ ಮತ್ತು ಕುಟುಂಬ ಅಧ್ಯಯನ ಎಂದು ಬದಲಿಸುವ ಪ್ರಯತ್ನ ನಡೆದಾಗ ದೇಶದಾದ್ಯಂತ ವಿರೋಧ ವ್ಯಕ್ತವಾಗಿ ಅದನ್ನು ಕೈಬಿಡಲಾಯಿತು. ಹೆಸರು ಉಳಿಯಿತು, ಹುದ್ದೆಗಳಿಗೆ ಅಂಥ ಹೋರಾಟದ ಬಲ ಸಿಗಲಿಲ್ಲ.

2017ರ ಮಾರ್ಚ್ 31ಕ್ಕೆ ಹನ್ನೆರಡನೇ ಯೋಜನೆ ಮುಗಿಯಿತು. ಯೋಜನಾ ಆಯೋಗವೇ ಇಲ್ಲವಾಗಿದ್ದರಿಂದ ಹದಿಮೂರನೆಯದು ಬರಲಿಲ್ಲ. ಆ ಹೊತ್ತಿಗೆ ದೇಶದಲ್ಲಿ ನೂರೈವತ್ತಕ್ಕೂ ಹೆಚ್ಚು ಕೇಂದ್ರಗಳಿದ್ದವು. ಅವು ಮುಂದುವರಿಯುತ್ತವೆಯೇ ಎಂಬ ಆತಂಕ ಆ ವರ್ಷವಿಡೀ ಆವರಿಸಿತ್ತು. ಗುತ್ತಿಗೆ ಸಿಬ್ಬಂದಿ ಮುಂದಿನ ಆದೇಶಕ್ಕೆ ಕಾಯುತ್ತಲೇ ಕೆಲಸ ಮಾಡಿದರು. ಮುಂದಿನ ತಿಂಗಳು ತಾನು ಇರುತ್ತೇನೋ ಇಲ್ಲವೋ ಎಂದು ಅರಿಯದ ಸಹಾಯಕಿಯ ಬಳಿ ವಿದ್ಯಾರ್ಥಿನಿ ತನ್ನ ಗುಟ್ಟನ್ನು ಹೇಗೆ ಬಿಚ್ಚಿಟ್ಟಾಳು? ಸಿಬ್ಬಂದಿ ಬದಲಾದಾಗ ಕಡತ ಕೈ ಬದಲಾಗುತ್ತದೆ. ಹೇಳಿಕೊಂಡ ಮಾತು ಬದಲಾಗಿ ಬಂದವರಿಗೆ ದಾಟುವುದಿಲ್ಲ.

ಕರ್ನಾಟಕದ ಮಟ್ಟಿಗೆ ಪರಿಸ್ಥಿತಿ ತೀರ ನಿರಾಶಾದಾಯಕವೇನಲ್ಲ. ಬೆಂಗಳೂರು, ಮೈಸೂರು, ಮಂಗಳೂರು ವಿಶ್ವವಿದ್ಯಾಲಯಗಳಲ್ಲಿ ಮಹಿಳಾ ಅಧ್ಯಯನಕ್ಕೆ ನೆಲೆ ಸಿಕ್ಕಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಅದಕ್ಕೆಂದೇ ವಿಭಾಗವಿದೆ. 2003ರಲ್ಲಿ ಸ್ಥಾಪನೆಗೊಂಡ ವಿಜಯಪುರದ ಮಹಿಳಾ ವಿಶ್ವವಿದ್ಯಾಲಯಕ್ಕೆ 2017ರಲ್ಲಿ ಅಕ್ಕಮಹಾದೇವಿಯ ಹೆಸರಿಡಲಾಯಿತು. ಓದುವ ಹೆಣ್ಣುಮಕ್ಕಳ ಸಂಖ್ಯೆಯೂ ಏರಿದೆ. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯಂತೆ ದೇಶದ 4.33 ಕೋಟಿ ವಿದ್ಯಾರ್ಥಿಗಳಲ್ಲಿ 2.07 ಕೋಟಿ ಮಂದಿ ಮಹಿಳೆಯರು. ಅರ್ಧಕ್ಕೆ ಹತ್ತಿರವಾದ ಈ ಸಮುದಾಯಕ್ಕೆ ಸೇವೆ ನೀಡಬೇಕಾದ ಕೋಣೆಯನ್ನು ಹೆಚ್ಚುವರಿ ಹೊಣೆಯಲ್ಲಿ ನಡೆಸುವುದು ಎಷ್ಟು ಕಾಲ ಸಾಧ್ಯ?

ಗೋವಾ ಪ್ರಕರಣದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ವಿಶ್ವವಿದ್ಯಾಲಯಗಳೂ ಸೇರಿದಂತೆ ಎಲ್ಲೆಡೆ ಸಮಿತಿಗಳು ರಚನೆಯಾಗಿವೆಯೇ ಎಂದು ಪರಿಶೀಲಿಸಲು, ಸದಸ್ಯರಿಗೆ ತರಬೇತಿ ನೀಡಲು ಸೂಚಿಸಿತ್ತು. 2024ರ ಡಿಸೆಂಬರ್‌ನಲ್ಲಿ ಮತ್ತೆ ನಿರ್ದೇಶನ ನೀಡಿ, ಪ್ರತಿ ಜಿಲ್ಲೆಯಲ್ಲಿ ಅಧಿಕಾರಿಯನ್ನು ನೇಮಿಸುವಂತೆ ತಾಕೀತು ಮಾಡಿತು. ಸಮಿತಿಯ ಪಟ್ಟಿಯನ್ನು ಗೋಡೆಗೆ ಅಂಟಿಸುವುದು ಸುಲಭ. ಬಂದ ದೂರಿಗೆ ಸ್ವೀಕೃತಿ ಕೊಡುವವರು, ಏಳು ದಿನದೊಳಗೆ ಅದರ ಪ್ರತಿಯನ್ನು ಆರೋಪಿಗೆ ತಲುಪಿಸುವವರು, ಹತ್ತು ದಿನದೊಳಗೆ ಬರಬೇಕಾದ ಉತ್ತರವನ್ನು ಕಡತಕ್ಕೆ ಸೇರಿಸುವವರು, ತೊಂಬತ್ತು ದಿನಗಳ ಗಡುವನ್ನು ಎಣಿಸುವವರು ಯಾವ ಹುದ್ದೆಯಲ್ಲಿದ್ದಾರೆ, ಯಾವ ಲೆಕ್ಕಶೀರ್ಷಿಕೆಯಡಿ ಅವರಿಗೆ ಸಂಬಳವಾಗುತ್ತದೆ ಎಂಬುದಕ್ಕೆ ಆ ಪಟ್ಟಿಯಲ್ಲಿ ಉತ್ತರವಿಲ್ಲ.

ಸಮಯದ ಮಾತೂ ಇದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ಬಸ್ಸಿನ ಟಿಕೆಟ್ಟಿನ ಚಿಂತೆ ನೀಗಿ, ಹಳ್ಳಿಯಿಂದ ದಿನವೂ ಓಡಾಡಿ ಓದುವುದು ಹುಡುಗಿಯರಿಗೆ ಸುಲಭವಾಗಿದೆ. ಆದರೆ ಅವರ ತರಗತಿಗಳು ಮುಗಿಯುವುದೂ ಕಚೇರಿಗಳು ಬಾಗಿಲು ಹಾಕುವುದೂ ಊರಿನ ಬಸ್ಸು ಹೊರಡುವುದೂ ಹೆಚ್ಚುಕಡಿಮೆ ಒಂದೇ ವೇಳೆಗೆ. ಕೇಂದ್ರದ ಬಾಗಿಲು ಸಂಜೆ ಐದೂವರೆಯ ನಂತರ ಇನ್ನೊಂದು ಗಂಟೆ ತೆರೆದಿದ್ದರೂ ಆಕೆಗೆ ಪ್ರಯೋಜನವಿಲ್ಲ. ತರಗತಿಗಳ ನಡುವಿನ ಮಧ್ಯಾಹ್ನದ ಬಿಡುವಿನಲ್ಲಿ ತೆರೆದಿರಬೇಕು. ಆ ಹೊತ್ತಿನಲ್ಲೇ ಸಹಾಯಕಿ ಬೀಗ ಹಾಕಿಕೊಂಡು ಊಟಕ್ಕೆ ಹೋಗಿರುತ್ತಾಳೆ, ಏಕೆಂದರೆ ಅವಳ ಬದಲಿಗೆ ಕೂರಲು ಇನ್ನೊಬ್ಬರಿಲ್ಲ.