ಸೂಜಿಯಿಲ್ಲದ ಕೈಗೆ
ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಮಳೆಗಾಲದಲ್ಲಿ ಹೋದ ಕರೆಂಟು ಯಾವಾಗ ಬಂದೀತೆಂದು ಹೇಳುವಂತಿಲ್ಲ. ಆಗ ನನಗೆ ಬಾಲ್‌ಪೆನ್ನು, ಹಳೇ ಲಗ್ನಪತ್ರಿಕೆಯ ಹಿಂಬದಿ ಸಾಕು: ಒಂದು ಸುರುಳಿ, ಅದಕ್ಕೊಂದು ಬಾಲ, ಬಾಲಕ್ಕೆ ಜೋತ ಅಡಿಕೆಗೊನೆ. ತಲೆ ಹಗುರಾಗುತ್ತದೆ. ಮೇಷ್ಟ್ರುಗಳಿಗೆ ಇದು ಅಲಕ್ಷ್ಯ; ಆದರೆ ಮನಃಶಾಸ್ತ್ರಜ್ಞೆ ಜಾಕಿ ಆಂಡ್ರೇಡ್ ಅವರ 2009ರ ಪ್ರಯೋಗದಲ್ಲಿ, ಕಾಗದದ ಮೇಲಿನ ಆಕೃತಿಗಳನ್ನು ಪೆನ್ಸಿಲಿನಿಂದ ತುಂಬುತ್ತ ಬೇಸರದ ಟೇಪು ಕೇಳಿದವರಿಗೇ, ಸುಮ್ಮನೆ ಕೇಳಿದವರಿಗಿಂತ ಶೇ 29ರಷ್ಟು ಹೆಚ್ಚು ನೆನಪಿತ್ತು. ನನಗೆ ಇನ್ನೂ ಹಿಡಿಸುವವರು ಲಂಡನ್ನಿನ ಮಕ್ಕಳ ವೈದ್ಯ ಡೊನಾಲ್ಡ್ ವಿನ್ನಿಕಾಟ್. ಕಣ್ಣು ಮುಚ್ಚಿ ಒಂದು ಗೆರೆ ಗೀಚಿ, ಇದನ್ನೇನು ಮಾಡ್ತೀಯೋ ಮಾಡು ಎಂದು ಮಗುವಿಗೆ ಕೊಡುತ್ತಿದ್ದರು; ಮುಂದಿನ ಗೆರೆ ಮಗುವಿನದು. ಬಾಯಿಬಿಡದ ಭಯವೂ ಹಾಗೆ ಹೊರಬರುತ್ತಿತ್ತು. ನಾವೋ, ಡ್ರಿಪ್ಸ್ ಹಾಕಿಸಿಕೊಂಡು ಮಲಗಿದ ಮಗುವಿಗೆ ಮೊಬೈಲು ಹಿಡಿಸುತ್ತೇವೆ. ಸೂಜಿ ಚುಚ್ಚದ ಇನ್ನೊಂದು ಕೈ ಇದೆಯಲ್ಲ, ಅದಕ್ಕೊಂದು ಪೆನ್ಸಿಲು ಕೊಟ್ಟು ನೋಡಿ.