ಊರಂಚಿನ ಮತಕ್ಕೆ ಯಾವ ಕ್ಷೇತ್ರ?

ಕಾಡುಗೋಡಿಯಿಂದ ಹೊಸಕೋಟೆಯ ರಸ್ತೆ ಹಿಡಿದು ಹೊರಟವನು ಕೆಲವೇ ಮೈಲಿಗಳಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ಪ್ರವೇಶಿಸುತ್ತಾನೆ. ಆದರೆ ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರವನ್ನು ಕಾಣಬೇಕೆಂದರೆ ಅವನು ಆ ದಾರಿಯನ್ನು ಬಿಟ್ಟು ದಕ್ಷಿಣಕ್ಕೆ, ಆನೇಕಲ್ಲಿನ ಕಡೆಗೆ ತಿರುಗಬೇಕು. ಜಿಲ್ಲೆಯ ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ ನಾಲ್ಕೂ ಚಿಕ್ಕಬಳ್ಳಾಪುರ ಲೋಕಸಭೆಗೆ ಸೇರಿವೆ. ಗ್ರಾಮಾಂತರವೆಂದು ಕರೆಸಿಕೊಳ್ಳುವ ಕ್ಷೇತ್ರವೋ ತುಮಕೂರು ಜಿಲ್ಲೆಯ ಕುಣಿಗಲ್, ರಾಮನಗರ ಸೀಮೆಯ ಮಾಗಡಿ, ರಾಮನಗರ, ಕನಕಪುರ, ಚನ್ನಪಟ್ಟಣ, ನಗರ ಜಿಲ್ಲೆಯ ಆನೇಕಲ್, ಬೆಂಗಳೂರು ದಕ್ಷಿಣ, ರಾಜರಾಜೇಶ್ವರಿನಗರಗಳಿಂದ ಘಟಿತವಾಗಿದೆ.

ಹೆಸರಿನ ಈ ವಿಪರ್ಯಾಸ ಅಷ್ಟೇನೂ ದೊಡ್ಡದಲ್ಲ. 2001ರ ಜನಗಣತಿಯನ್ನು ಆಧರಿಸಿ 2008ರಲ್ಲಿ ಜಾರಿಗೆ ಬಂದ ಪುನರ್ವಿಂಗಡಣೆಯಲ್ಲಿ ಹಳೆಯ ಕನಕಪುರ ಕ್ಷೇತ್ರವು ಅಳಿದು ಇದು ಹುಟ್ಟಿತು. ರಾಗಿ, ರೇಷ್ಮೆಗಳ ಸೀಮೆಯೊಡನೆ ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರಗಳೂ ಒಂದೇ ಮಡಿಲಿಗೆ ಬಿದ್ದವು. 2009ರಲ್ಲಿ ಎಚ್.ಡಿ. ಕುಮಾರಸ್ವಾಮಿ, 2013ರ ಉಪಚುನಾವಣೆಯಿಂದ ಮೊದಲ್ಗೊಂಡು ಮೂರು ಸಲ ಡಿ.ಕೆ. ಸುರೇಶ್ ಗೆದ್ದ ಇಲ್ಲಿ, 2024ರಲ್ಲಿ ಹೃದ್ರೋಗತಜ್ಞ ಡಾ. ಸಿ.ಎನ್. ಮಂಜುನಾಥ್ ಎರಡೂವರೆ ಲಕ್ಷಕ್ಕೂ ಮೀರಿದ ಅಂತರದಿಂದ ಜಯಶೀಲರಾದರು. ವೈದ್ಯರ ಖ್ಯಾತಿ, ಎರಡು ಪಕ್ಷಗಳ ಮೈತ್ರಿ ಇವೂ ಕಾರಣವೆಂಬುದನ್ನು ಒಪ್ಪಬೇಕು. ಆದರೂ ಕನಕಪುರವು ಸುರೇಶರನ್ನು ಕೈಬಿಡದಿದ್ದರೂ ನಗರದಂಚಿನ ಮತರಾಶಿಯ ಮುಂದೆ ಅದು ಏನನ್ನೂ ಮಾಡಲಾರದೆ ಹೋಯಿತೆಂಬುದನ್ನು ಗಮನಿಸದಿರಲಾಗದು.

ಹಾಗಾದರೆ ಅಂಚಿನವರು ಗೆದ್ದರೆ? ಕಾಡುಗೋಡಿಯನ್ನೇ ನೋಡಿ. ನಗರದ ಪೂರ್ವದ ಕೊನೆಯಲ್ಲಿರುವ ಈ ಊರು ಮಹದೇವಪುರ ವಿಧಾನಸಭಾ ಕ್ಷೇತ್ರದ ಮೂಲಕ, ಗಾಂಧಿನಗರ, ಚಾಮರಾಜಪೇಟೆ, ಶಿವಾಜಿನಗರಗಳೊಡನೆ, ಬೆಂಗಳೂರು ಕೇಂದ್ರ ಲೋಕಸಭೆಗೆ ಸೇರಿದೆ. ರಾಜ್ಯದ ವಿಧಾನಸಭಾ ಕ್ಷೇತ್ರವೊಂದರ ಸರಾಸರಿ ಮತದಾರರು ಎರಡೂವರೆ ಲಕ್ಷಕ್ಕೂ ಕಡಿಮೆಯಿದ್ದರೆ ಮಹದೇವಪುರದಲ್ಲಿ ಆರು ಲಕ್ಷಕ್ಕೂ ಅಧಿಕ. 2024ರಲ್ಲಿ ಪಿ.ಸಿ. ಮೋಹನ್ ಗೆದ್ದ ಅಂತರ 32,707. ಮಹದೇವಪುರವೊಂದೇ ಕೊಟ್ಟ ಮುನ್ನಡೆ ಒಂದು ಲಕ್ಷಕ್ಕೂ ಮಿಗಿಲು. ಇಲ್ಲಿಯ ಮತದಾರರ ಪಟ್ಟಿಯ ಬಗ್ಗೆ 2025ರಲ್ಲಿ ರಾಹುಲ್ ಗಾಂಧಿ ಮಾಡಿದ ಆರೋಪವನ್ನು ಚುನಾವಣಾ ಆಯೋಗ ತಳ್ಳಿಹಾಕಿತಷ್ಟೆ. ಆ ವಾದವೇನೇ ಇರಲಿ, ಎರಡು ಕ್ಷೇತ್ರಗಳಲ್ಲೂ ಫಲಿತಾಂಶದ ದಿಕ್ಕನ್ನು ತಿರುಗಿಸಬಲ್ಲ ಊರಂಚಿಗೆ ಎರಡರಲ್ಲೂ ತನ್ನದೆಂಬ ಧ್ವನಿಯಿಲ್ಲ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದು ಕಾರ್ಪೊರೇಟರು ಇಲ್ಲವಾದ ಮೇಲಂತೂ ಚರಂಡಿಯ ದೂರೂ ಸಂಸದರ ಬಾಗಿಲಿಗೇ ಹೋಗುತ್ತದೆ. ಪಾರ್ಲಿಮೆಂಟು ಇರುವುದು ಇದಕ್ಕೋ ಎಂದು ಹಿರಿಯರು ನಗುವುದುಂಟು.

ಜನಸಂಖ್ಯೆಯನ್ನೇ ನೆಚ್ಚಿ ಮುಂದೆ ಗೆರೆ ಎಳೆದರೆ ನಗರಕ್ಕೆ ಸ್ಥಾನಗಳು ಹೆಚ್ಚಿ, ಮಾಗಡಿ, ಕುಣಿಗಲ್ಲುಗಳ ಮಾತು ಇನ್ನಷ್ಟು ಕ್ಷೀಣಿಸುವ ಭಯ ನಿರಾಧಾರವಲ್ಲ. ಆದಕಾರಣ ಕುಣಿಗಲ್ಲನ್ನು ಅದರ ತುಮಕೂರಿಗೆ ಮರಳಿಸಿ, ರಾಮನಗರ ಸೀಮೆಯ ನಾಲ್ಕನ್ನು ಹಳ್ಳಿಗಾಡಿನ ಕ್ಷೇತ್ರವಾಗಿ ಉಳಿಸಿ, ದೊಮ್ಮಸಂದ್ರ–ವರ್ತೂರುಗಳ ಬಳಿ ಒಂದನ್ನೊಂದು ತಾಕುವ ಆನೇಕಲ್ ಮತ್ತು ಮಹದೇವಪುರಗಳನ್ನು ಅಂಚಿನ ಬೇರೊಂದು ಕ್ಷೇತ್ರದೊಳಗೆ ಕೂಡಿಸುವುದು ಯುಕ್ತವೆಂದು ನನಗೆ ತೋರುತ್ತದೆ. ಪುನರ್ವಿಂಗಡಣಾ ಆಯೋಗದ ಅಂತಿಮ ಆದೇಶವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲು ಸಂವಿಧಾನದ 329ನೆಯ ವಿಧಿ ಅಡ್ಡಬರುವುದರಿಂದ, ಕರಡು ಪ್ರಕಟವಾಗಿ ಬಹಿರಂಗ ವಿಚಾರಣೆ ನಡೆಯುವ ಕಾಲದಲ್ಲೇ ಕಾಡುಗೋಡಿಯವರೂ ಕನಕಪುರದವರೂ ತಮ್ಮ ಆಕ್ಷೇಪಣೆಗಳನ್ನು ಸಲ್ಲಿಸತಕ್ಕದ್ದು.